ಕುರಿಹಟ್ಟಿಯಲ್ಲಿ ಪಳಗಿದ ಕಿವಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ನನ್ನನ್ನು ಬೀಳ್ಕೊಡಲೆಂದು ಮಾರಂಡಹಳ್ಳಿಯ ಈ ಸೆಕೆಯಲ್ಲೂ ಬಂದು ಕೂತಿರುವ ಸಭಿಕರೇ,

ಕನ್ನಡದಲ್ಲೇ ಮಾತಾಡುತ್ತೇನೆ. ತಮಿಳಿನಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿಮಗೆ ಕೊಟ್ಟ ಹಿಂಸೆ ಸಾಕು. ಈಗಷ್ಟೇ ಒಬ್ಬರು, ‘ಮಕ್ಕಳೆಂದರೆ ಇವರಿಗೆ ಪ್ರಾಣ’ ಎಂದರು. ಆ ಮಾತು ನನಗೆ ಸಲ್ಲದು. ಯಾಕೆ ಗೊತ್ತೇ?

ಎಂಟು ವರ್ಷದ ಹಿಂದೆ, ಅರವತ್ತೊಂಬತ್ತನೇ ಇಸವಿಯಲ್ಲಿ, ಪೆನ್ನಾಗರಂ ಕಡೆಯ ಹಳ್ಳಿಯೊಂದರಲ್ಲಿ ಹೆಡ್‌ಮಾಸ್ಟರಾಗಿದ್ದೆ. ಕುರಿ ಸಾಕುವ ಬೈರಪ್ಪ ತನ್ನ ಮಗಳು ರಾಜಾತಿಯನ್ನು ಸೇರಿಸಲು ಕರೆತಂದ. ಹುಟ್ಟಿನಿಂದಲೇ ಅವಳ ಮೇಲ್ದುಟಿ ಸೀಳಿತ್ತು. ಹೆಸರು ಕೇಳಿದೆ, ಊರು ಕೇಳಿದೆ. ಹೇಳಿದಳು, ನನಗೊಂದೂ ತಿಳಿಯಲಿಲ್ಲ. ‘ಮಾತು ಬಾರದವಳು’ ಎಂದು ಅವಳೆದುರೇ ಗಟ್ಟಿಯಾಗಿ ಹೇಳಿ, ಅರ್ಜಿಯ ಮೇಲೂ ಬರೆದು ವಾಪಸು ಕಳಿಸಿದೆ.

ಅಂದೇ ಸಂಜೆ ಅವರ ಹಟ್ಟಿಯ ಮುಂದೆ ಹೋಗುತ್ತಿದ್ದೆ. ಮೇದು ಬಂದ ತಾಯಿಕುರಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆದು, ಅದರದರ ಮರಿಯನ್ನು ಹಾಲಿಗೆ ಬಿಡುವುದು ಅವರ ಪದ್ಧತಿ. ಕರೆಯುತ್ತಿದ್ದವಳು ರಾಜಾತಿ! ಅವಳು ಕೂಗಿದಳು, ಕಪ್ಪು ಕುರಿ ಬಂತು. ಓಹೋ, ಕರೆದದ್ದು ‘ಕರಿ’. ಮತ್ತೆ ಕೂಗಿದಳು, ಕೆಂಪಗಿನದು ಬಂತು. ಅದು ‘ಕೆಂಚಿ’. ಪದಗಳು ನನಗೆ ಮೊದಲೇ ಗೊತ್ತಿದ್ದವು. ಆ ಪದಗಳ ಕೈ ಹಿಡಿದು ನನ್ನ ಕಿವಿ ಅವಳ ಉಚ್ಚಾರಕ್ಕೆ ಹೊಂದಿಕೊಂಡಿತು. ಹತ್ತನೆಯ ಕುರಿ ಮುಂದೆ ಬರುವ ಮೊದಲೇ ಅದು ಯಾವುದೆಂದು ನನಗೆ ತಿಳಿದಿತ್ತು. ಆಗ ಅವಳು ನನ್ನನ್ನು ಕಂಡಳು.

“ಸಾರ್, ನಂಗೆ ಮಾತು ಬತ್ತೈತೆ. ಇಸ್ಕೂಲ್ಗೆ ಬರ್ಲಾ?”

ಕುರಿಯ ಹೆಸರಲ್ಲ, ಬಣ್ಣವಲ್ಲ, ಆದರೂ ಒಂದಕ್ಷರ ಬಿಡದೆ ತಿಳಿಯಿತು! ನಾನು ಬೆಚ್ಚಿಬಿದ್ದೆ. ಕಾಲು ಗಂಟೆ, ಬರೀ ಕಾಲು ಗಂಟೆ ಸಾಕಾಗಿತ್ತು!

ತಪ್ಪಾಯಿತು, ನಾಳೆಯೇ ಬಾ ಎಂದೆನೇ? ಇಲ್ಲ. ಬರೆದದ್ದನ್ನು ಹೊಡೆದುಹಾಕಲು ಹೆಡ್‌ಮಾಸ್ಟರಿಗೆ ನಾಚಿಕೆ. ‘ನೋಡೋಣಮ್ಮ’ ಎಂದು ಜಾರಿಕೊಂಡೆ.

ಮೂರು ತಿಂಗಳು ಬಿಟ್ಟು ಮತ್ತೆ ಅವರ ಹಟ್ಟಿಗೆ ಹೋದೆ. ಕುರಿ ಕರೆಯುತ್ತಿದ್ದವನು ಬೈರಪ್ಪ. ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಬೇಲಿಯ ಹತ್ತಿರ ನಿಂತಿದ್ದಳು.

“ಮಾತೇ ನಿಲ್ಸ್ಬುಟ್ಟವ್ಳೆ ಸಾರ್. ಕುರೀನೂ ಕರ್ಯಾಕಿಲ್ಲ,” ಎಂದ ಬೈರಪ್ಪ.

ನಾನು ಮಣ್ಣಲ್ಲೇ ಅವಳೆದುರು ಕೂತೆ. “ಸೇರಿಸಿಕೊಳ್ತೀನಮ್ಮ, ಹೆಸರು ಹೇಳು,” ಎಂದೆ. ಕತ್ತಲಾಗುವವರೆಗೆ ಕೇಳಿದೆ. ಅವಳು ಕೈ ತೆಗೆಯಲಿಲ್ಲ.

ಹಾರ ಬೇಡ, ದಯವಿಟ್ಟು ಬೇಡ. ನನ್ನ ಮಾತನ್ನು ಕೊನೆಯವರೆಗೆ ಕೇಳಿಸಿಕೊಂಡಿರಿ. ಅಷ್ಟಕ್ಕೆ ನಿಮಗೆಲ್ಲ ಋಣಿ. ನಮಸ್ಕಾರ.