ಬೆಚ್ಚಗಾಗದ ಕೈಗವಸು

ವಿನಿಪೆಗ್‌ನ ಬಸ್ ನಿಲ್ದಾಣದಲ್ಲಿ ಅಜ್ಜಿ ಹೇಳುತ್ತಿದ್ದ ಕತೆಯ ಹಿಮದ ಮುದುಕಿ ಊದುತ್ತಿದ್ದ ಹಾಗೆ ಗಾಳಿ ಬೀಸುತ್ತಿತ್ತು. ನನ್ನ ಮುಂದೆ ನಿಂತಿದ್ದ ಹುಡುಗಿ, ತನ್ನವನು ಮಾಡಿಕೊಟ್ಟ ಬ್ಯಾಟರಿಯಿಂದ ಬಿಸಿಯಾಗಬೇಕಿದ್ದ ಕೈಗವಸನ್ನು ಅವನ ಮುಖದೆದುರು ಹಿಡಿದಳು.

“ವೆಂಡೆಲ್, ಬೆರಳೆಲ್ಲ ಮರಗಟ್ಟಿದೆ. ಬಿಸಿಯಾಗಿರೋದು ತಂತಿಗೆ ಕರೆಂಟ್ ಬಿಡೋ ಈ ಪುಟ್ಟ ಸ್ವಿಚ್ಚು, ಮಾಸ್ಫೆಟ್ ಒಂದೇ. ಮುಟ್ಟಿದ್ರೆ ಸುಡುತ್ತೆ!”

“ಗವಸಿನ ಚಿಪ್ ಕೊಡೋದು ಮೂರೇ ವೋಲ್ಟ್ ಕಣೇ, ಇದು ಪೂರ್ತಿ ಆನ್ ಆಗೋಕೆ ಹತ್ತು ಬೇಕು. ಅರ್ಧಂಬರ್ಧ ಆನ್ ಆಗಿ, ತಂತಿ ಬಿಸಿ ಮಾಡೋ ಬದಲು ತಾನೇ ಕಾಯುತ್ತೆ.”

“ಗೊತ್ತಿದ್ದೂ ಹಾಕಿದ್ಯಾ?”

“ಆಗ ಗೊತ್ತಿರ್ಲಿಲ್ಲ ಕೊರಿನ್. ಡ್ರಾಯರ್‌ನಲ್ಲಿ ಸಿಕ್ಕಿದ್ದು ಹಾಕ್ದೆ. ಮಾರಿಬೆಲ್‌ಗೆ ಮಾಡುವಾಗ ಮೂರು ವೋಲ್ಟಿಗೇ ಪೂರ್ತಿ ಆನ್ ಆಗೋದನ್ನ ತರಿಸ್ದೆ.”

“ಓಹೋ! ನಂಗೆ ಡ್ರಾಯರ್‌ನಲ್ಲಿ ಬಿದ್ದಿದ್ದು, ಅವಳಿಗೆ ಹುಡುಕಿ ತರಿಸಿದ್ದು.”

“ಆಫೀಸಲ್ಲಿ ಜತೆಗಿರೋಳು, ಕೇಳಿದ್ಲು, ಮಾಡಿಕೊಟ್ಟೆ ಅಷ್ಟೇ. ನಿಂದೂ ಬದಲಾಯಿಸ್ತೀನಿ ಬಿಡೇ. ಅದು ಎಷ್ಟು ಚೆನ್ನಾಗಿದೆ ಅಂದ್ರೆ, ನಿನ್ನೆ ನದಿ ಹತ್ರ ಅಷ್ಟು ಗಾಳೀಲೂ ಅವಳ ಬೆರಳು ಬೆಚ್ಚಗೇ ಇತ್ತು.”

“ಬೆಚ್ಚಗಿತ್ತು ಅಂತ ನಿಂಗೆ ಹೇಗೆ ಗೊತ್ತಾಯ್ತು?”

ಬಸ್ಸು ಬಂತು. ಕೊರಿನ್ ಎರಡೂ ಗವಸು ಕಳಚಿ ಅವನ ಜೇಬಿಗೆ ತುರುಕಿ, ಬರಿಗೈಯಲ್ಲೇ ಕಂಬಿ ಹಿಡಿದು ಹತ್ತಿದಳು. ನಾನೂ ಹತ್ತಿದೆ. ಬಾಗಿಲು ಮುಚ್ಚಿದಾಗ ವೆಂಡೆಲ್ ಇನ್ನೂ ಕೆಳಗೇ ನಿಂತಿದ್ದ.