ಎರಡು ಜಡೆ

ಮಕ್ಕಳ ನ್ಯಾಯಾಲಯದ ಹೊರಗಿನ ಬೆಂಚಿನಲ್ಲಿ, ನನ್ನ ಪಕ್ಕವೇ ಕುಳಿತ ತಾಯಿಯೊಬ್ಬಳು ಹದಿಹರೆಯದ ಮಗಳಿಗೆ ಎರಡು ಜಡೆ ಹೆಣೆಯುತ್ತಿದ್ದಳು.

“ಚಿಕ್ಕೋಳ ಥರ ಕಂಡ್ರೆ ಅಯ್ಯೋ ಪಾಪ ಅಂತಾರೆ ಕಣೆ. ಸ್ಕೂಟರ್ ಬ್ರೇಕ್ ಹಿಡೀಲಿಲ್ಲ ಅನ್ನು.”

“ಬ್ರೇಕ್ ಚೆನ್ನಾಗೇ ಇತ್ತಮ್ಮ. ನಾನು ಫೋನ್ ನೋಡ್ತಿದ್ದೆ.”

“ಮೆಲ್ಲಗೆ! ನಾನೇ ಮಾತಾಡ್ತೀನಿ, ನೀನು ಸುಮ್ನಿರು.”

“ಒಳಗೆ ನನ್ನನ್ನೇ ಕೇಳ್ತಾರೆ, ನೀನು ಮಧ್ಯೆ ಬಾಯಿ ಹಾಕ್ಬಾರ್ದು ಅಂತ ವಕೀಲರು ಹೇಳಿಲ್ವಾ?”

“ನಿನಗೇನಾದ್ರೂ ಆದ್ರೆ?”

“ಆಗೋದು ನಾನು ಗುದ್ದಿದ ಆ ಅಜ್ಜಿಗೆ ಆಗಿದೆ. ಕಾಲು ಮುರ್ಕೊಂಡು ಮಲಗಿದ್ದಾರೆ.”

ತಾಯಿಯ ಕೈ ನಿಂತಿತು.

“ಲೈಸೆನ್ಸ್ ಇಲ್ದೋಳಿಗೆ ಕೀ ಕೊಟ್ಟೋರ್ಯಾರು ಅಂತ ಕೇಳಿದ್ರೆ?”

“ಅದನ್ನ ನೀನೇ ಹೇಳಮ್ಮ. ನನ್ನ ಬಾಯಲ್ಲಿ ಹೇಳಿಸ್ಬೇಡ.”

ಒಳಗಿನಿಂದ ಕರೆ ಬಂತು. ಒಂದೇ ಜಡೆ ಮುಗಿದಿತ್ತು. ತಾಯಿ ಅದನ್ನೂ ಬಿಚ್ಚಿ, ಕೂದಲನ್ನು ಬೆರಳಲ್ಲೇ ಬಾಚಿದಳು.

“ನಡಿ. ಕೀ ವಿಷಯ ನಾನೇ ಹೇಳ್ತೀನಿ.”