ದಂಡಿಗೆ ತಿರುಗಿದ ದೋಣಿ

“ಎರಡಾಣೆಗೆ ಹುಬ್ಬಳ್ಳ್ಯಾಗ ಬೇಕಾದಷ್ಟು ಮೀನ ಸಿಗತಾವ, ಕಾಕಾ. ನನ್ನ ಗಂಡನ್ನ ಸಮುದ್ರಕ್ಕ ಯಾಕ ಕರ್ಕೊಂಡು ಹೋದ್ರಿ?”

ಹುಬ್ಬಳ್ಳಿಯ ಮೋಟಾರ ಸ್ಟ್ಯಾಂಡಿನಲ್ಲಿ ಧಾರವಾಡದ ಗಾಡಿಗೆ ಕಾಯುತ್ತಿದ್ದ ವೆಂಕಣ್ಣ ತಿರುಗಿ ನೋಡಿದ. ಅಂಕೋಲಾದಿಂದ ಬಂದಿಳಿದ ಮುದುಕ ಮೀನುಗಾರನೆದುರು ಇಮಾಮಬಿ ನಿಂತಿದ್ದಳು.

“ನಿನ್ನ ಗಂಡ ಗನಿ ತಾನ ಬೆನ್ನ ಹತ್ತಿದ, ಮಗಳ. ಕೆಲಗೇರಿ ಕೆರಿ ಈಸಿದಾಂವಗ ಸಮುದ್ರ ಯಾವ ಲೆಕ್ಕ ಅಂದ.”

“ಅವರ ಬಾಯಿ ಮೊದಲಿಂದ ದೊಡ್ಡದು. ಆಮ್ಯಾಲ?”

“ಗಾಳಿ ಎದ್ದಿತು. ತೆರಿಗಳಿಗೆ ಎದುರಾಗಿ ಹುಟ್ಟು ಹಾಕು ಅಂತ ಚೀರಿದೆ. ಅಂವ ಅಂಜಿ ದೋಣಿ ದಂಡಿಗೆ ತಿರುವಿದ. ತೆರಿ ಅಡ್ಡ ಬಡದು ದೋಣಿ ಮಗುಚಿತು. ನಾ ಉಳದೆ, ಅಂವ ಮುಳುಗಿದ.”

“ಗಾಳಿ ಬಂದ್ರ ಲಗೂನ ದಂಡಿಗೆ ಬರ್ರಿ ಅಂತ, ಕೆರಿಗೆ ಹೋಗೋವಾಗೆಲ್ಲಾ ನಾನ ಹೇಳತಿದ್ದೆ.”

ಮುದುಕ ಹೇಳಿದ. “ಕೆರ್ಯಾಗ ಅದು ಖರೇನ ಮಾತು, ಮಗಳ.”

“ಮಣ್ಣರೆ ಸರಿಯಾಗಿ ಆತೇನ್ರಿ?”

“ಹೆಣ ಸಿಗಲಿಲ್ಲ.”

ಇಮಾಮಬಿಯೂ ಮುದುಕನೂ ಟಾಂಗಾ ಹತ್ತಿ ಹೋದರು. ಆಕೆಗೆ ಗಂಡನೂ ಉಳಿಯಲಿಲ್ಲ, ಅವನ ಗೋರಿಯೂ ಸಿಗಲಿಲ್ಲ.